ಬಿಸಿಲು ಕುಡಿದ ಗಡಿಗೆ

ನಮ್ಮಪ್ಪನದು ಸಿಂಧನೂರಿನ ಪೇಟೆಯಲ್ಲಿ ಭಾಂಡೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. ಸ್ಟೀಲು, ಹಿತ್ತಾಳೆ, ತಾಮ್ರ, ಜರ್ಮನ್ ಎನ್ನುವ ಅಲ್ಯುಮಿನಿಯಂ, ಎಲ್ಲ ಇದ್ದವು, ಮಣ್ಣಿನದೊಂದು ಬಿಟ್ಟು. ತುರ್ವಿಹಾಳದಿಂದ, ಕಾಲುವೆ ಬದಿಯ ರೈತರ ಕ್ಯಾಂಪುಗಳಿಂದ ಮದುವೆ ಭಾಂಡೆ ಕೊಳ್ಳಲು ಬಂದವರು ಕೇಳುತ್ತಿದ್ದ ಮಾತು ಒಂದೇ: "ಬಾಳಿಕಿ ಬರ್ತೈತೇನ್ರೀ?" ಅಪ್ಪ ತಕ್ಷಣ ಬಾಯಿ ಬಿಡುತ್ತಿರಲಿಲ್ಲ. ಕೊಡವನ್ನು ಎಡಗೈಯ ಬೆರಳುಗಳ ಮೇಲೆ ನಿಲ್ಲಿಸಿಕೊಂಡು ಬಲಗೈಯ ಗೆಣ್ಣಿನಿಂದ ಒಮ್ಮೆ ಬಡಿಯುತ್ತಿದ್ದ. ಣಣ್ ಎಂದು ನಾದ ಎದ್ದು ನಿಂತರೆ "ಬರ್ತೈತಿ" ಎನ್ನುತ್ತಿದ್ದ. ಎಲ್ಲೋ ಕೂದಲೆಳೆಯಷ್ಟು ಸೀಳಿದ್ದರೆ ನಾದ ಬೋದಾಗಿ, ಮಂಕಾಗಿ, ಅಲ್ಲೇ ಸಾಯುತ್ತಿತ್ತು. ಆಗ "ಬರಂಗಿಲ್ಲ, ಬ್ಯಾರೇದು ತಗೋರಿ" ಎನ್ನುತ್ತಿದ್ದ. ಗಿರಾಕಿ ಅದೇ ಬೇಕೆಂದು ಹಟ ಹಿಡಿದರೂ ಕೊಡುತ್ತಿರಲಿಲ್ಲ. ಈ ಎರಡು ಮಾತುಗಳ ಮೇಲೆ ನಮ್ಮ ಮನೆ ಉಣ್ಣುತ್ತಿತ್ತು. ಅ ಆ ಇ ಈ ಕಲಿಯುವ ಮೊದಲೇ ನನ್ನ ಕಿವಿ ಆ ನಾದ ಕಲಿತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಲಿಂಗಸುಗೂರಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿ ನಾನು ಮನೆಗೆ ಬಂದಿದ್ದೆ. ಅಲ್ಲಿನ ಕಾಲೇಜಿನ ವಾಚನಾಲಯದಲ್ಲಿ ಒಂದು ಚಿತ್ರ ನೋಡಿದ್ದು ನನ್ನ ತಲೆ ಕೆಡಿಸಿತ್ತು. ಯಾವುದೋ ದೇಶದ ಮರಳುಗಾಡು. ನಡುವೆ ಎತ್ತರದ ಒಂದು ಗೋಪುರ. ಸುತ್ತ ನೆಲದ ತುಂಬ ಕನ್ನಡಿಗಳು, ಎಲ್ಲವೂ ತಮ್ಮ ಪಾಲಿನ ಬಿಸಿಲನ್ನು ಗೋಪುರದ ತಲೆಗೆ ಎಸೆಯುತ್ತಿದ್ದವು. ತಲೆ ಬೆಳ್ಳಗೆ ಉರಿಯುತ್ತಿತ್ತು. ಆ ಶಾಖದಿಂದ ಉಗಿ, ಉಗಿಯಿಂದ ಕರೆಂಟು. ನಮ್ಮ ಲೆಕ್ಚರರ್ ಚಿತ್ರದ ಮೇಲೆ ಬೆರಳಿಟ್ಟು ಹೇಳಿದ್ದರು: ಕನ್ನಡಿ ದೊಡ್ಡ ಮಾತಲ್ಲ, ಬಿಸಿಲೂ ದೊಡ್ಡ ಮಾತಲ್ಲ. ಮೇಲೆ ಕೂತು ಬಿಸಿಲನ್ನು ಕುಡಿಯುವ ಆ ಪಾತ್ರೆ ಇದೆಯಲ್ಲ, ಸಂಕಟವೆಲ್ಲ ಅದರದ್ದು. ಹಗಲೆಲ್ಲ ಕಾಯಬೇಕು, ರಾತ್ರಿ ಆರಬೇಕು, ಮೋಡ ಬಂದಾಗ ನಡುವೆಯೇ ತಣ್ಣಗಾಗಬೇಕು, ಮತ್ತೆ ಕಾಯಬೇಕು. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಒಂದು ಕಡೆ ಹೆಚ್ಚು ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದರೆ ತನ್ನನ್ನು ತಾನೇ ಜಗ್ಗಾಡಿಕೊಂಡು ಸೀಳುತ್ತದೆ. ಕಬ್ಬಿಣವೂ ದಣಿಯುತ್ತದಮ್ಮ, ಎಂದಿದ್ದರು. ಭಾಂಡೆ ಅಂಗಡಿಯ ಮಗಳಿಗೆ ಇದಕ್ಕಿಂತ ಸಿಹಿ ಮಾತು ಬೇಕೆ? ಬಾಳಿಕೆ ಬರುತ್ತದೋ ಇಲ್ಲವೋ ಎಂಬ ನಮ್ಮ ಅಂಗಡಿಯ ಪ್ರಶ್ನೆಯನ್ನೇ ಪ್ರಪಂಚದ ಪಂಡಿತರು ಕೇಳುತ್ತಿದ್ದರು.

ಬಂದವಳೇ ಎಂ.ಎಸ್ಸಿ. ಮಾಡಲು ಗುಲ್ಬರ್ಗಕ್ಕೆ ಹೋಗುತ್ತೇನೆಂದೆ. ಅಪ್ಪನ ತಲೆಯಲ್ಲಿ ಮುದಗಲ್ಲಿತ್ತು. ಅಲ್ಲಿಯ ಕಿರಾಣಿ ವ್ಯಾಪಾರದ ಮನೆತನ, ಒಬ್ಬನೇ ಮಗ, ಹುಡುಗನಿಗೆ ಚಟವಿಲ್ಲ. ನನ್ನ ಮದುವೆಗೆಂದು ಪಕ್ಕದ ಅಲ್ಮಾರಿ ಅಂಗಡಿಯ ಚಾಚಾಗೆ ಕನ್ನಡಿಯಿರುವ ಕಬ್ಬಿಣದ ಅಲ್ಮಾರಿ ಮಾಡಲು ಹೇಳಿಯೂ ಆಗಿತ್ತು. ನಾನು ದಿನಾ ಜಗಳ ತೆಗೆದೆ. ನನ್ನ ಜಗಳವೆಂದರೆ ಸಣ್ಣದಲ್ಲ, ಕೆಳಗೆ ಗಿರಾಕಿಗಳು ತಲೆಯೆತ್ತಿ ನೋಡುವಷ್ಟು. ಗೋಪುರ, ಕನ್ನಡಿ, ಉಗಿ, ಬಿಸಿಲಲ್ಲೇ ಚಹಾ ಕುದಿಸಬಹುದು ಎಂದು ನಾನು ಕೂಗುತ್ತಿದ್ದರೆ ಅಪ್ಪ ನಗುತ್ತಿದ್ದ. "ಕನ್ನಡಿಯೊಳಗಿನ ಗಂಟು ಅಂತ ಕೇಳಿದ್ದೆ, ಕನ್ನಡಿಯೊಳಗಿನ ಚಾ ಕೇಳಿದ್ದಿಲ್ಲ," ಎಂದ ಒಂದು ದಿನ.

"ಮಾಡಿ ಕುಡಸ್ತೀನಿ," ಎಂದೆ.

"ಒಂದಿನ ಕುದಿಸಾದು ದೊಡ್ಡಸ್ತಿಕಿ ಅಲ್ಲಬೇ. ಎಂಥಾ ಹಳೇ ಭಾಂಡೆನೂ ಒಂದಿನ ಕುದಿಸ್ತೈತಿ. ಶಿವರಾತ್ರಿಯಿಂದ ಯುಗಾದಿ ತನಕ ದಿನಾ ಮನಿಗೂ ಅಂಗಡಿಗೂ ಚಾದ ನೀರು ನಿನ್ನ ಬಿಸಲಾಗ ಕುದೀಬೇಕು. ಯುಗಾದಿ ದಿನ ನಾನ ಬಡದು ನೋಡ್ತೀನಿ. ಗಟ್ಟಿ ಇದ್ರ ಗುಲ್ಬರ್ಗಾ. ಸೀಳಿದ್ರ ಮುದಗಲ್ಲ."

"ಆತು. ಒಂದು ದೊಡ್ಡ ತಾಮ್ರದ ಕೊಡ ಕೊಡು."

"ನನ್ನ ಅಂಗಡಿದು ಒಂದು ಚಮಚ ಸೈತ ಮುಟ್ಟಬ್ಯಾಡ. ಸುಟ್ಟು ಕರಕಾದ ಮ್ಯಾಲ ಊರ ಮಂದಿ ಇವರ ಅಂಗಡಿ ಭಾಂಡೆ ನೋಡ್ರಿ ಅಂತಾರ."

ಅವ್ವ ಒಳಗಿನಿಂದ ತಣ್ಣಗೆ, "ಮಣ್ಣಿನ ಗಡಿಗಿ ತಗೋ, ಅದನ್ನ ನಿಮ್ಮಪ್ಪ ಮಾರಂಗಿಲ್ಲ," ಎಂದಳು. ಅಪ್ಪ ಇನ್ನೂ ಜೋರಾಗಿ ನಕ್ಕ. ಉರಿಬಿಸಿಲಿಗೆ ಮಣ್ಣು ಎಷ್ಟು ದಿನ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ತಾಮ್ರದಲ್ಲಾದರೆ ಶಾಖ ಓಡಿ ಹಂಚಿಕೊಳ್ಳುತ್ತದೆ, ಮಣ್ಣಿನಲ್ಲಿ ಬಿದ್ದಲ್ಲೇ ಕೂತುಬಿಡುತ್ತದೆ. ಆದರೂ ಆ ನಗು ಕೇಳಿದ ಮೇಲೆ ಹಿಂದೆ ಸರಿಯುವ ಹೆಣ್ಣು ನಾನಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡು ಮಾಳಿಗೆಗೆ ಓಡಿ ಒಬ್ಬಳೇ ಕುಣಿದೆ.

ಸಂತೆಯಿಂದ ತಂದ ಮೊದಲ ಗಡಿಗೆ, ಓಣಿಯಲ್ಲಿ ಎರವಲು ತಂದ ಒಂದಷ್ಟು ಕನ್ನಡಿಗಳಿಂದ ಬಿಸಿಲು ಬಿಟ್ಟ ಪ್ರಯೋಗದ ದಿನವೇ ಎರಡು ಹೋಳಾಯಿತು. "ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ ಅಂತಿದ್ರು. ನಿನ್ನ ಬಿಸಲಿಗೆ ನಿಮಿಷಾನೂ ಬ್ಯಾಡ," ಎಂದು ಅಪ್ಪ ಹಣದ ಗಲ್ಲೆಯ ಹಿಂದಿನಿಂದ ಹೇಳಿದ. ಮಸ್ಕಿಯ ಕುಂಬಾರರ ಗಡಿಗೆ ದಪ್ಪವಿರುತ್ತವೆಂದು ಕೇಳಿ ಬಸ್ಸು ಹತ್ತಿದೆ. ಅಲ್ಲೊಬ್ಬ ಅಜ್ಜಿ ನನ್ನನ್ನು ನೋಡಿದ ಕೂಡಲೇ ಮದುವೆಯ ಐರಾಣಿ ಗಡಿಗೆಗೆ ಬಂದವಳೆಂದು ತಿಳಿದು, ಯಾರ ಮನೆ, ಯಾವ ಊರಿನ ಗಂಡು ಎಂದು ಶುರುಮಾಡಿದಳು. ಮದುವೆ ತಪ್ಪಿಸಿಕೊಳ್ಳಲು ಗಡಿಗೆ ಬೇಕಾಗಿದೆ ಎಂದಾಗ ಕೈಯಲ್ಲಿದ್ದ ಮಣ್ಣು ಬಿಟ್ಟು ನಕ್ಕಳು. ನನ್ನ ಒಡೆದ ಗಡಿಗೆಯನ್ನು ಚೀಲದಲ್ಲಿ ಒಯ್ದಿದ್ದೆ. ಅದನ್ನು ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿನಲ್ಲಿ ಕಲಸಲು ಹೇಳಿದೆ. ಒಮ್ಮೆ ಬೆಂದ ಮಣ್ಣು ಮತ್ತೆ ಹೆಚ್ಚು ಹಿಗ್ಗಾಡುವುದಿಲ್ಲ ಎಂಬುದು ನನ್ನ ತರ್ಕ. ಅಜ್ಜಿ ಅದನ್ನು ಬೇರೆಯೇ ರೀತಿ ತಿಳಿದುಕೊಂಡಳು. "ಸತ್ತ ಗಡಿಗಿ ಈ ಗಡಿಗ್ಯಾಗ ಹುಟ್ಟಿ ಬರ್ಲಿ ಅಂತೀಯೇನ? ಆಗ್ಲಿ ತಗೋ," ಎಂದಳು.

ಗಡಿಗೆ ಒಣಗಿ ಸುಟ್ಟು ಬಂದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಸ್ಕಿಯಿಂದ ಸಿಂಧನೂರಿನವರೆಗೆ ಕೂತಿದ್ದೆ. ಅಜ್ಜಿ ತನ್ನ ರೂಢಿ ಬಿಡದೆ ಅದರ ಕೊರಳಿಗೆ ಸುಣ್ಣದ ಚುಕ್ಕಿ ಇಟ್ಟಿದ್ದಳು. ಬಸ್ಸಿನವರೆಲ್ಲ ಮದುವೆಯ ಗಡಿಗೆಯೆಂದೇ ತಿಳಿದು ಜಾಗ ಬಿಟ್ಟುಕೊಟ್ಟರು. ಕಂಡಕ್ಟರು, "ಮದಿವಿ ಯಾವಾಗವ್ವ?" ಎಂದ. "ಗಡಿಗಿ ಒಡದ್ರ ಮದಿವಿ," ಎಂದೆ. ಅವನು ಟಿಕೆಟು ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಇನ್ನು ಕನ್ನಡಿ. ಎರವಲಿನವು ಸಾಲುತ್ತಿರಲಿಲ್ಲ. ಅಲ್ಮಾರಿ ಚಾಚಾನ ಅಂಗಡಿಯಲ್ಲಿ ಕನ್ನಡಿ ಕೊಯ್ದುಳಿದ ಗೇಣಗಲದ ಪಟ್ಟಿಗಳು ರಾಶಿ ಬಿದ್ದಿದ್ದವು. "ಎಲ್ಲಾ ತಗೊಂಡು ಹೋಗು ಬೇಟಿ," ಎಂದ. ಮೂಲೆಯಲ್ಲಿ ನನ್ನ ಮದುವೆಯ ಅಲ್ಮಾರಿ ಬಣ್ಣ ಹೊಡೆಸಿಕೊಂಡು ನಿಂತಿತ್ತು. ಅದರ ಬಾಗಿಲಿಗೆ ಹಚ್ಚಬೇಕಾದ ನಿಲುವುಗನ್ನಡಿ ಇನ್ನೂ ಗೋಡೆಗೆ ಒರಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಚಾಚಾ ನನ್ನನ್ನು ನೋಡಿದ. "ಅದೂ ನಿಂದ ಐತಲ್ಲ. ಬಾಗಲಕ್ಕ ಆಮ್ಯಾಲ ಹಚ್ಚಿದ್ರಾತು. ನಿಮ್ಮಪ್ಪಗ ಮಾತ್ರ ನಾ ಕೊಟ್ಟೆ ಅನಬ್ಯಾಡ," ಎಂದ. ಹೀಗೆ ನನ್ನ ವರದಕ್ಷಿಣೆಯ ಒಂದು ಭಾಗ ಮದುವೆಗೆ ಮೊದಲೇ ಮಾಳಿಗೆ ಹತ್ತಿತು.

ಮಾಳಿಗೆಯ ದಕ್ಷಿಣದ ತುದಿಗೆ ಮೆಟ್ಟಿಲಿನ ಕೋಣೆ. ಅದರ ತಲೆಯ ಮೇಲೆ ಕಬ್ಬಿಣದ ಮುಕ್ಕಾಲಿಯಿಟ್ಟು, ಗಡಿಗೆಗೆ ದೀಪದ ಮಸಿ ಬಳಿದು ಕರ್ರಗೆ ಮಾಡಿ ಕೂರಿಸಿದೆ. ಅದೇ ನನ್ನ ಗೋಪುರ. ಕೆಳಗೆ ಮಾಳಿಗೆಯ ತುಂಬ ಇಟ್ಟಂಗಿಗೆ ಒರಗಿಸಿದ ಕನ್ನಡಿಗಳು. ಸೂರ್ಯ ನಿಲ್ಲುವವನಲ್ಲ, ಗಳಿಗೆಗೊಮ್ಮೆ ಎಲ್ಲ ಕನ್ನಡಿಗಳನ್ನೂ ತುಸು ತುಸು ತಿರುಗಿಸಬೇಕು. ಅದಕ್ಕೆ ಓಣಿಯ ಹೆಂಗಸರು ಬಂದರು. ಮುಂಜಾನೆಯ ರೊಟ್ಟಿ ಬಡಿದಾದ ಮೇಲೆ ಮಧ್ಯಾಹ್ನದ ಊಟದವರೆಗೆ ಅವರಿಗೆ ಬಿಡುವು. ನಮ್ಮ ಮಾಳಿಗೆಯಲ್ಲಿ ಚಹಾ, ಮಾತು, ಮೇಲೆ ಕನ್ನಡಿ ಬೇರೆ. ಹೆಂಗಸರ ಕೈಗೆ ಕನ್ನಡಿ ಕೊಟ್ಟರೆ ಮೊದಲು ಏನು ಮಾಡುತ್ತಾರೆ? ಬೈತಲೆ ತೀಡಿದರು, ಮೂಗುತಿ ತಿರುವಿದರು, ಹಲ್ಲು ನೋಡಿಕೊಂಡರು. ಅಷ್ಟರಲ್ಲಿ ಸೂರ್ಯ ಜಾರಿ ಬೆಳಕೆಲ್ಲ ಎದುರು ಮನೆಯ ಗೋಡೆಗೆ ಬಿದ್ದಿತ್ತು. ನಾನು ಬೈದೆ. ಅವರು ನಕ್ಕರು. ಬೈಯುತ್ತಲೇ ನನಗೂ ನಗು ಬಂದು ನನ್ನ ಬೈಗುಳಕ್ಕೆ ಬೆಲೆಯೇ ಇಲ್ಲದಾಯಿತು.

ಶಿವರಾತ್ರಿಯ ದಿನ ನೀರು ಕುದಿಯಿತು. ಮೊದಲು ಗಡಿಗೆಯ ಬಾಯಲ್ಲಿ ಸಣ್ಣ ಹಬೆ, ಆಮೇಲೆ ಒಳಗೆ ಗುಳುಗುಳು ಸದ್ದು. ಬೆಂಕಿಯಿಲ್ಲ, ಹೊಗೆಯಿಲ್ಲ, ಕಟ್ಟಿಗೆಯಿಲ್ಲ. ಉಪವಾಸದ ಹೆಂಗಸರು ಬಾಯಿಗೆ ಕೈಯಿಟ್ಟುಕೊಂಡು ನಿಂತರು. ನಾನಂತೂ ಏಣಿಯ ಮೇಲೆ ನಿಂತು ಮಗ್ಗಿನಿಂದ ನೀರು ತೆಗೆಯುತ್ತ ಏನೇನೋ ಕೂಗಿದೆನಂತೆ, ನನಗೆ ನೆನಪಿಲ್ಲ. ಅವ್ವ ಪುಡಿ, ಸಕ್ಕರೆ, ಹಾಲು ಹಾಕಿದಳು. ಕೆಳಗೆ ಅಪ್ಪ ಒಂದು ಗುಟುಕು ಕುಡಿದು, "ಮಣ್ಣಿನ ವಾಸನಿ ಬರ್ತೈತಿ," ಎಂದ. ಕಪ್ಪು ಮಾತ್ರ ಬರಿದಾಯಿತು.

ಕುದಿಸುವುದನ್ನು ಕಲಿತೆವು, ಇನ್ನು ಗಡಿಗೆಯನ್ನು ಒಡೆಯದಂತೆ ಕಾಪಾಡುವುದನ್ನು ಕಲಿಯಬೇಕಿತ್ತು. ಕಾದ ಗಡಿಗೆಗೆ ತಣ್ಣೀರು ಹಾಕಬಾರದು. ಎಲ್ಲ ಕನ್ನಡಿಗಳನ್ನೂ ಒಮ್ಮೆಗೇ ತಿರುಗಿಸಬಾರದು, ಒಂದೊಂದಾಗಿ ಹಚ್ಚಬೇಕು, ಒಂದೊಂದಾಗಿ ಇಳಿಸಬೇಕು. ಹೊಸ ಸೊಸೆಗೆ ಮನೆಯ ಕೆಲಸ ಹಚ್ಚುವ ಹಾಗೆ ಮೆಲ್ಲಗೆ, ಎಂದು ಹೇಳಿಕೊಟ್ಟೆ. "ಅಯ್ಯ, ನಮಗ ಯಾರು ಮೆಲ್ಲಕ ಹಚ್ಯಾರ, ಮೊದಲ ದಿನಾನ ಬೀಸುಕಲ್ಲಿಗೆ ಕುಂದರಿಸಿದ್ರು," ಎಂದು ಓಣಿಯ ಹಿರಿಯಕ್ಕ ಹೇಳಿದಳು. ಆದರೂ ಗಡಿಗೆಯ ಮೇಲೆ ಆಕೆಗೆ ಕನಿಕರ ಹುಟ್ಟಿತು. ತನಗೆ ಸಿಗದ ಉಪಚಾರ ಅದಕ್ಕಾದರೂ ಸಿಗಲೆಂದು ಎಲ್ಲರಿಗಿಂತ ನಿಧಾನ ಮಾಡುತ್ತಿದ್ದಳು.

ನಡುವೆ ಒಂದು ದಿನ ಮುದಗಲ್ಲಿನವರು ಹೇಳದೆ ಕೇಳದೆ ಹೆಣ್ಣು ನೋಡಲು ಬಂದರು. ಹುಡುಗ, ಅವನ ದೊಡ್ಡಪ್ಪ, ದೊಡ್ಡಪ್ಪನ ಕರಿಯ ಕೊಡೆ. ಕನ್ನಡಿ ತಿರುಗಿಸುವ ಹೊತ್ತು, ನಾನು ಕೆಳಗೆ ಬರುವುದು ಸಾಧ್ಯವಿರಲಿಲ್ಲ. ಅಪ್ಪ ಬೇರೆ ದಾರಿಯಿಲ್ಲದೆ ಅವರನ್ನೇ ಮಾಳಿಗೆಗೆ ಕರೆತಂದ. ಮುಖದ ತುಂಬ ಮಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ನನ್ನನ್ನು ಹುಡುಗ ನೋಡಿದ. ನಾನು ಅವನ ಕೈಯಲ್ಲೊಂದು ಕನ್ನಡಿ ಕೊಟ್ಟು, "ಗಡಿಗಿ ಕಡಿ ಹಿಡೀರಿ," ಎಂದೆ. ಪಾಪ, ಹಿಡಿದ. ಸ್ವಲ್ಪ ಹೊತ್ತಿಗೆ ಅದರಲ್ಲಿ ತನ್ನ ಮೀಸೆ ಕಂಡು ಅದನ್ನು ತೀಡತೊಡಗಿದ. ದೊಡ್ಡಪ್ಪ ಗಡಿಗೆಯೊಳಗೆ ಏನಿದೆ ನೋಡಬೇಕೆಂದು ಕೊಡೆ ಬಿಚ್ಚಿಕೊಂಡು ಏಣಿ ಹತ್ತಿದರು. ಬ್ಯಾಡ್ರೀ ಬ್ಯಾಡ್ರೀ ಎನ್ನುವಷ್ಟರಲ್ಲಿ ಕೊಡೆ ಬೆಳಕಿಗೆ ಅಡ್ಡ ಬಂತು. ಮೊದಲು ಕಮರು ವಾಸನೆ, ಆಮೇಲೆ ಹೊಗೆ, ಆಮೇಲೆ ಕೊಡೆಯಲ್ಲಿ ಅಂಗೈಯಗಲದ ತೂತು. ಆ ತೂತಿನಿಂದ ದೊಡ್ಡಪ್ಪ ನನ್ನನ್ನು ನೋಡಿದರು. ನಾನು ತುಟಿ ಕಚ್ಚಿಕೊಂಡು ನಗು ತಡೆದೆ, ಹಿರಿಯಕ್ಕನಿಗೆ ಆಗಲಿಲ್ಲ. ಅವರು ಇಳಿದು ಬಂದು ಚಹಾ ಕುಡಿದು, "ಯುಗಾದಿ ಆಗ್ಲಿ, ಆಮ್ಯಾಲ ಮಾತಾಡೋಣ್ರಿ," ಎಂದು ಗಂಭೀರವಾಗಿ ಹೋದರು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿಯಲ್ಲಿ ಯಾರಿಗೋ ಕೊಡೆಯ ಕಥೆ ಹೇಳಿ ಕಣ್ಣೀರು ಬರುವಂತೆ ನಗುತ್ತಿದ್ದುದನ್ನು ಮೆಟ್ಟಿಲಿನಿಂದ ಕೇಳಿಸಿಕೊಂಡೆ.

ಆದರೆ ಆ ತೂತು ನನ್ನ ತಲೆಯಲ್ಲಿ ಉಳಿಯಿತು. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ಶಾಖ ಯಾಕೆ ಸೇರಿತು? ಗಡಿಗೆ ಆರಿದ ಮೇಲೆ ಏಣಿ ಹತ್ತಿ ನೋಡಿದೆ. ಅದರ ಹೊಟ್ಟೆಯ ನಡುವೆ ಮಸಿ ಸುಟ್ಟು ಮಣ್ಣು ಕೆಂಪಗಾಗಿತ್ತು, ರೂಪಾಯಿಯಗಲ. ಅದರ ಸುತ್ತ ಅವ್ವನ ವಿಭೂತಿ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಯಾವ ಹೊಸ ವಸ್ತು ಬಂದರೂ ಅವ್ವ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ತಕ್ಕಡಿಗೂ ಆಯಿತು, ಗಲ್ಲೆಗೂ ಆಯಿತು, ನಾನು ಬಿ.ಎಸ್ಸಿ. ಓದಿದ ಕುರ್ಚಿಗೂ ಆಯಿತು. ಗಡಿಗೆಗೆ ಪ್ರತಿ ಸೋಮವಾರ, ಸೂರ್ಯನಾರಾಯಣ ಕೂರುವ ಜಾಗವೆಂದು ಇನ್ನೂ ದಪ್ಪಗೆ. ಬಿಳಿಯ ವಿಭೂತಿ ಬೆಳಕನ್ನು ಹಿಂದಕ್ಕೆ ಎಸೆಯುತ್ತಿತ್ತು, ಅದರ ಕೆಳಗಿನ ಮಣ್ಣು ತಣ್ಣಗಿರುತ್ತಿತ್ತು. ಪಕ್ಕದ ಕರಿ ಮಣ್ಣು ಕುದಿಯುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಚಳಿಗಾಲವೂ ಬೇಸಿಗೆಯೂ. ಇನ್ನು ಬೊಟ್ಟು. ಕರಿಯ ಗಡಿಗೆಯ ಮೇಲೆ ದೂರದಿಂದ ಕಾಣುವುದು ಅದೊಂದೇ. ಹೆಂಗಸರೆಲ್ಲ ಭಕ್ತಿಯಿಂದ, ಕಣ್ಣು ಕಿರಿದು ಮಾಡಿ, ತಮ್ಮ ತಮ್ಮ ಕನ್ನಡಿಯ ಬೆಳಕನ್ನು ಸರಿಯಾಗಿ ಆ ಬೊಟ್ಟಿಗೇ ಬಿಡುತ್ತಿದ್ದರು. ಬೊಟ್ಟಿಗೆ ಬಿಡದಿದ್ದರೆ ಪಾಪವೆಂದು ಯಾರೋ ಹೇಳಿದ್ದರಂತೆ. ಹೀಗೆ ಓಣಿಯ ಭಕ್ತಿಯೆಲ್ಲ ಒಂದು ರೂಪಾಯಿಯಗಲದ ಜಾಗದಲ್ಲಿ ಸೇರಿ ನನ್ನ ಗುಲ್ಬರ್ಗವನ್ನು ಸುಡುತ್ತಿತ್ತು. ಸಿಟ್ಟು ಬರಬೇಕಿತ್ತು. ನಾನು ಏಣಿಯ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೆರಳ ತುದಿಯಿಂದ ತಡವಿ ನೋಡಿದೆ, ಸೀಳು ಇನ್ನೂ ಹುಟ್ಟಿರಲಿಲ್ಲ.

ಅವ್ವನಿಗೆ ವಿಭೂತಿ ಹಚ್ಚಬೇಡ ಎನ್ನುವ ಧೈರ್ಯ ನನಗಿರಲಿಲ್ಲ. "ಯವ್ವಾ, ಈ ದಿನದಾಗ ನಡುಹಗಲ ಸೂರ್ಯಪ್ಪ ಇರೋದು ದಕ್ಷಿಣದ ಕಡಿ. ವಿಭೂತಿ ಅವನ ಕಡಿ ಇರಬೇಕಲ್ಲ?" ಎಂದೆ. ಅವ್ವ ಒಂದು ಕ್ಷಣ ಯೋಚಿಸಿ, "ಹೌದಲ್ಲ, ಇಷ್ಟು ದಿನ ಅವನಿಗೆ ಬೆನ್ನ ತೋರ್ಸಿದ್ವಿ," ಎಂದು ವಿಭೂತಿಯನ್ನು ಗಡಿಗೆಯ ಹಿಂಬದಿಗೆ ಸರಿಸಿದಳು. ಅಲ್ಲಿ ಕನ್ನಡಿಯ ಬೆಳಕು ಬೀಳುತ್ತಿರಲಿಲ್ಲ. ಬೊಟ್ಟಿನ ವಿಚಾರಕ್ಕೆ ಬೇರೆ ಉಪಾಯ ಮಾಡಿದೆ. ಒಂದೇ ಬೊಟ್ಟು ಯಾಕೆ, ಬಂದ ಮುತ್ತೈದೆಯರಿಗೆಲ್ಲ ಒಂದೊಂದು ಇಡು ಎಂದೆ. ಅವ್ವನಿಗೆ ಇದು ಬಹಳ ಹಿಡಿಸಿತು. ಗಡಿಗೆಯ ಮುಂಬದಿಯ ತುಂಬ, ಕೊರಳಿನಿಂದ ತಳದವರೆಗೆ, ಕೆಂಪು ಬೊಟ್ಟುಗಳು. "ಇದು ನಿಂದು, ಇದು ಹಿರಿಯಕ್ಕಂದು, ಇದು ಮೂಲಿಮನಿ ವೈನಿದು." ಯಾರೂ ಇನ್ನೊಬ್ಬರ ಬೊಟ್ಟಿಗೆ ಬೆಳಕು ಬಿಡುವಂತಿಲ್ಲ. ಬಿಟ್ಟರೆ ಜಗಳ. "ನನ್ನ ಬೊಟ್ಟಿನ ಮ್ಯಾಲ ಯಾಕ ಬಂದೀಬೇ, ನಿಂದು ಕೆಳಗೈತಿ ನೋಡು." ಇಡೀ ಮಾಳಿಗೆ ಈ ಜಗಳದಿಂದ ತುಂಬಿಹೋಯಿತು. ಶಾಖ ಹೊಟ್ಟೆಯ ತುಂಬ ಸಮನಾಗಿ ಹರಡಿತು, ನೀರು ಮೊದಲಿಗಿಂತ ಬೇಗ ಕುದಿಯಿತು. ಆ ದೂರದ ಗೋಪುರದ ಪಂಡಿತರೂ ಕನ್ನಡಿಗಳನ್ನು ಹೀಗೆಯೇ ಬೇರೆ ಬೇರೆ ಜಾಗಕ್ಕೆ ಹಂಚುತ್ತಾರೆಂದು ಮುಂದೆ ಓದಿದಾಗ ನನಗೆ ಹೆಮ್ಮೆಯಾಯಿತು. ಅವರಿಗೆ ಕುಂಕುಮದ ಅನುಕೂಲ ಇರಲಿಲ್ಲ ಅಷ್ಟೆ.

ಯುಗಾದಿ ಹತ್ತಿರ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಪ್ಪ ಈಗ ಚಹಾದ ವಾಸನೆಯ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಕ್ಯಾಂಪಿನಿಂದ ಬಂದ ಗಿರಾಕಿಗಳನ್ನು, "ಮ್ಯಾಲ ಹೋಗಿ ಬಿಸಲಿನ ಚಾ ನೋಡಿ ಬರ್ರಿ," ಎಂದು ತಾನೇ ಕಳಿಸುತ್ತಿದ್ದ. ಅವರು ಇಳಿದು ಹೋಗುವಾಗ, "ಎಷ್ಟ ದಿನ ನಿಲ್ತೈತೋ ನೋಡೋಣ," ಎನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಸೋಲುವವನ ಮುಖ ಅದಾಗಿರಲಿಲ್ಲ. ಮುದಗಲ್ಲಿಗೆ ಮಾತು ಕೊಟ್ಟಿದ್ದ ಮನುಷ್ಯ.

ಅಮಾವಾಸ್ಯೆಯ ದಿನ, ಎಂದರೆ ಯುಗಾದಿಯ ಹಿಂದಿನ ದಿನ, ನಡುಹಗಲು ನೀರು ಕುದಿಯುತ್ತಿತ್ತು. ಹೊಳೆಯ ಕಡೆಯಿಂದ ಗಾಳಿ ಬಂತು, ಗಾಳಿಯ ಹಿಂದೆ ಮೋಡ. ಈ ದಿನಗಳಲ್ಲಿ ನಮ್ಮ ಕಡೆ ಯಾರೂ ಮಳೆಯ ಮಾತಾಡುವುದಿಲ್ಲ. ಕನ್ನಡಿಗಳನ್ನು ಒಂದೊಂದಾಗಿ ಇಳಿಸಬೇಕೆಂಬುದೆಲ್ಲ ಯಾರಿಗೆ ನೆನಪಿತ್ತು? ಸೂರ್ಯನೇ ಒಮ್ಮೆಗೆ ಆರಿದ. ದಪ್ಪ ದಪ್ಪ ಹನಿ ಬಿದ್ದವು. ಕಾದ ಗಡಿಗೆಯ ಮೇಲೆ ಚುಂಯ್ ಎಂದು ಒಂದು, ಚುಂಯ್ ಎಂದು ಇನ್ನೊಂದು. ನನ್ನ ಮೈಮೇಲೆ ಬಿದ್ದಂತಾಯಿತು. ಗಡಿಗೆಗೆ ಹೊದಿಸಲೆಂದು ಸೆರಗು ಬಿಚ್ಚಿಕೊಂಡು ಏಣಿಯ ಕಡೆ ಓಡಿದೆ. ನನಗಿಂತ ಮೊದಲು ಯಾರೋ ಏಣಿ ಹತ್ತುತ್ತಿದ್ದರು.

ಅಪ್ಪ. ತಲೆಯ ಮೇಲೆ ಅಂಗಡಿಯ ಅತಿ ದೊಡ್ಡ ಹಿತ್ತಾಳೆ ಪರಾತ, ಮದುವೆಯಲ್ಲಿ ಅನ್ನ ಹರಡುವಂಥದ್ದು, ಹೊಚ್ಚ ಹೊಸದು. ಧೋತರ ಮೊಳಕಾಲಿನವರೆಗೆ ಎತ್ತಿ ಸಿಕ್ಕಿಸಿದ್ದ. ಮೇಲೆ ಹತ್ತಿ ಆ ಪರಾತವನ್ನು ಗಡಿಗೆಯ ಮೇಲೆ ಹಿಡಿದುಕೊಂಡು, ತಾನು ತೊಯ್ಯುತ್ತ, ಮಳೆ ನಿಲ್ಲುವವರೆಗೆ ನಿಂತ. ಚಮಚ ಸಹ ಮುಟ್ಟಬೇಡ ಎಂದಿದ್ದವನು. ಮಳೆ ಬಹಳ ಹೊತ್ತು ಇರಲಿಲ್ಲ. ಇಳಿದು ಬಂದು ಪರಾತ ಒರೆಸುತ್ತ, "ನನ್ನ ಚಾ ಇನ್ನ ಬಂದಿಲ್ಲ," ಎಂದ. ಗಡಿಗೆಯಿಂದ ಒಂದು ಹನಿಯೂ ಸೋರಿರಲಿಲ್ಲ. ನಾವು ಅದೇ ನೀರಿನಲ್ಲಿ ಚಹಾ ಮಾಡಿದೆವು. ನಾನು ನಡೆಯುತ್ತಿರಲಿಲ್ಲ, ಹಾರುತ್ತಿದ್ದೆ.

ಯುಗಾದಿಯ ಮುಂಜಾನೆ ಎಣ್ಣೆ ನೀರು ಆದ ಮೇಲೆ ಗಡಿಗೆಯನ್ನು ಬರಿದು ಮಾಡಿ ಒರೆಸಿ ಒಣಗಿಸಿ ಅಂಗಡಿಯ ಕಟ್ಟೆಗೆ ತಂದರು. ಓಣಿಯ ಹೆಂಗಸರೆಲ್ಲ ಹೊಸ ಸೀರೆಯಲ್ಲಿ ಬಂದಿದ್ದರು, ತಮ್ಮ ತಮ್ಮ ಬೊಟ್ಟು ಎಲ್ಲಿದೆಯೆಂದು ಹುಡುಕಿದರು. ಚಾಚಾ ಬಂದಿದ್ದ. ಅವ್ವ ಎಲ್ಲರಿಗೂ ಲೋಟದಲ್ಲಿ ಬೇವು ಬೆಲ್ಲದ ಪಾನಕ ಕೊಡುತ್ತಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಪ್ಪ ಗಡಿಗೆಯನ್ನು ಎಡಗೈಯ ಬೆರಳುಗಳ ಮೇಲೆ ನಿಲ್ಲಿಸಿಕೊಂಡ, ಗಿರಾಕಿಯ ಮುಂದೆ ನಿಲ್ಲಿಸಿದ ಹಾಗೆಯೇ. ಬಲಗೈಯ ಗೆಣ್ಣಿನಿಂದ ಬಡಿದ.

ನಾದ ಏಳಲಿಲ್ಲ. ಬೋದಾಗಿ, ಅಲ್ಲೇ ಸತ್ತಿತು.

ಆ ಗದ್ದಲದಲ್ಲಿ ಅದು ಯಾರಿಗೂ ತಿಳಿಯಲಿಲ್ಲ, ತಿಳಿದರೂ ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ. ಆ ಶಬ್ದ ಗೊತ್ತಿದ್ದವರು ಇಬ್ಬರೇ. ಆ ಹನಿಗಳು, ಎಂದು ನನಗೆ ಹೊಳೆಯಿತು. ಒಳಗೆಲ್ಲೋ ಕೂದಲೆಳೆಯಷ್ಟು ಸೀಳು, ನೀರು ಬಿಡದಷ್ಟು ಸಣ್ಣದು, ನಾದ ಎದ್ದು ನಿಲ್ಲಲಾಗದಷ್ಟು ದೊಡ್ಡದು. ಅಪ್ಪ ಎರಡನೆಯ ಸಲ ಬಡಿಯಲು ಕೈ ಎತ್ತಿದ. ಕೈ ಹಾಗೆಯೇ ನಿಂತಿತು. ನನ್ನ ಮುಖ ನೋಡಿದ. ನನ್ನ ಬಾಯಲ್ಲಿ ಬೇವಿನ ಕಹಿ ಹಾಗೆಯೇ ಇತ್ತು. ನಾನು ತಲೆ ತಗ್ಗಿಸಿದೆ. ಮುದಗಲ್ಲಿನ ಮೀಸೆಯೂ ತೂತು ಬಿದ್ದ ಕೊಡೆಯೂ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಗಟ್ಟಿ ಐತಿ," ಎಂದ ಅಪ್ಪ. ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಹೆಂಗಸರು ಹೋ ಎಂದರು. ಹಿರಿಯಕ್ಕ ನನ್ನನ್ನು ಎತ್ತಿ ತಿರುಗಿಸಿದಳು. ಚಾಚಾ, "ಹಂಗಾದ್ರ ಆ ಅಲ್ಮಾರಿಗೆ ಕನ್ನಡಿ ಬ್ಯಾಡ, ಪುಸ್ತಕದ ಕಪಾಟ ಮಾಡ್ತೀನಿ," ಎಂದ. ಅಪ್ಪ ಗಡಿಗೆಯನ್ನು ಕೆಳಗಿಡಲಿಲ್ಲ. ತಾನೇ ಒಳಗೆ ಒಯ್ದು, ಹಿತ್ತಾಳೆ ಕೊಡಗಳ ಸಾಲಿನ ತುದಿಗೆ, ಯಾರ ಕೈಯೂ ನಿಲುಕದ ಮೇಲಿನ ಹಲಗೆಯ ಮೇಲಿಟ್ಟ. ನನಗೆ ಹುಚ್ಚು ಹಿಡಿದಷ್ಟು ಸಂತೋಷವಾಗಿತ್ತು. ನಕ್ಕೆನೋ ಅತ್ತೆನೋ ಹೇಳಲಾರೆ, ಎರಡೂ ಒಂದೇ ಬಾಯಿಂದ ಬಂದವು. ಆ ದಿನವಾಗಲಿ ಮುಂದೆಂದಾಗಲಿ ನಾವಿಬ್ಬರೂ ಆ ಶಬ್ದದ ಮಾತೆತ್ತಲಿಲ್ಲ. ಮುದಗಲ್ಲಿಗೆ ಹೋಗಿ ಇಲ್ಲವೆಂದು ಹೇಳಿ ಬಂದವನೂ ಅವನೇ.

ಮಳೆಗಾಲದಲ್ಲಿ ಗುಲ್ಬರ್ಗಕ್ಕೆ ಹೋದೆ. ದೀಪಾವಳಿಗೆ ಮೊದಲ ಸಲ ಊರಿಗೆ ಬಂದಾಗ ಅಂಗಡಿಯಲ್ಲಿ ಮದುವೆಯ ಗಿರಾಕಿಗಳಿದ್ದರು. ತಂದೆ ಮಗಳು ತಾಮ್ರದ ಕೊಡ ಆರಿಸುತ್ತಿದ್ದರು. ಆ ತಂದೆ ರೂಢಿಯಂತೆ, "ಬಾಳಿಕಿ ಬರ್ತೈತೇನ್ರೀ?" ಎಂದು ಕೇಳಿದ. ನಾನು ಅಪ್ಪನ ಗೆಣ್ಣಿನ ಸದ್ದಿಗಾಗಿ ಕಾಯುತ್ತ ನಿಂತೆ. ಅಪ್ಪ ಬಡಿಯಲಿಲ್ಲ. ಕೊಡವನ್ನು ಗಿರಾಕಿಯ ಕೈಗೇ ಕೊಟ್ಟು, "ನೀವ ಬಡದು ನೋಡ್ರಿ," ಎಂದ.

ಅವ್ವ ನನ್ನ ಕಿವಿಯಲ್ಲಿ, "ಯುಗಾದಿಯಿಂದ ಎಲ್ಲಾರ್ಗೂ ಹಿಂಗ ಅನ್ನಾಕತ್ತಾನ, ಯಾಕೋ ಏನೋ," ಎಂದಳು.

ಗಿರಾಕಿ ಬಡಿದ. ಕೊಡ ಣಣ್ ಎಂದಿತು. ಅಪ್ಪ ಬರುತ್ತದೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹಳೆಯ ಪೇಪರು ತೆಗೆದುಕೊಂಡು ಕೊಡಕ್ಕೆ ಸುತ್ತತೊಡಗಿದ.